ಮೊಣಕಾಲುದ್ದ ನೀರಿನ ತಾಂಡೇಲರು

ಅವರ ಬಲಗೈ ಪೂರ್ತಿ ಬಿಚ್ಚುತ್ತಲೇ ಇರಲಿಲ್ಲ. ನಲವತ್ತು ವರ್ಷ ಹಗ್ಗ, ಹುಟ್ಟು, ಇಂಜಿನ್ನಿನ ಹಿಡಿ ಎಂದು ಒಂದಲ್ಲ ಒಂದನ್ನು ಹಿಡಿದೂ ಹಿಡಿದೂ ನಾಲ್ಕು ಬೆರಳುಗಳು ಒಳಕ್ಕೆ ಬಾಗಿ ಹಾಗೇ ನಿಂತುಬಿಟ್ಟಿದ್ದವು. ಚಹಾದ ಗ್ಲಾಸು ಆ ಬೆರಳುಗಳ ನಡುವೆ ತಾನಾಗಿ ಹೋಗಿ ಕೂರುತ್ತಿತ್ತು. ನಮಸ್ಕಾರ ಮಾಡಿದರೆ ಎರಡು ಅಂಗೈಗಳ ನಡುವೆ ಒಂದು ಕೋಳಿಮೊಟ್ಟೆ ಇಡುವಷ್ಟು ಜಾಗ ಉಳಿಯುತ್ತಿತ್ತು. ಮೊದಲ ದಿನ ಅವರು ನನಗೆ ಕೈಮುಗಿದಾಗ ನಾನು ಮುಖ ಬಿಟ್ಟು ಆ ಜಾಗವನ್ನೇ ನೋಡುತ್ತಿದ್ದೆ.

“ಎಂತ ನೋಡ್ತೀರಿ ಮೇಡಂ, ಒಳಗೆ ಎಂತದೂ ಇಲ್ಲ” ಎಂದರು.

ಅವರನ್ನು ಎಲ್ಲರೂ ತಾಂಡೇಲರು ಎಂದೇ ಕರೆಯುತ್ತಿದ್ದರು. ತಾಂಡೇಲ ಎಂದರೆ ಮೀನುಗಾರಿಕೆಯ ದೋಣಿಯ ಯಜಮಾನಿಕೆ ನೋಡಿಕೊಳ್ಳುವವನು. ಎಲ್ಲಿ ಬಲೆ ಬಿಡಬೇಕು, ಯಾವಾಗ ಮರಳಬೇಕು ಎಂದು ಹೇಳುವವನು. ಕಾಪುವಿನ ಕಡಲತಡಿಯ ಮನೆಯವರು. ಮಲ್ಪೆಯ ದೊಡ್ಡ ಬೋಟಿನಲ್ಲಿ ಹೆಸರು ಮಾಡಿದವರು. ಕಣ್ಣಿನ ಪೊರೆಯ ಆಪರೇಷನ್ ಆದ ಮೇಲೆ ಹೆಂಡತಿ, ಇನ್ನು ಆಳ ಸಮುದ್ರಕ್ಕೆ ಹೋದರೆ ಮನೆಗೆ ಬರುವುದೇ ಬೇಡ ಎಂದು ಹೇಳಿಬಿಟ್ಟರಂತೆ. ಆದರೆ ದಡದ ಮೇಲೆ ಕೂರುವುದು ಅವರಿಗೆ ಆಗದ ಕೆಲಸ. “ಮೂರು ದಿನ ಮನೆಯಲ್ಲಿ ಕೂತೆ. ನಾಲ್ಕನೇ ದಿನ ಅವಳೇ ಹೇಳಿದಳು, ಎಲ್ಲಿಯಾದರೂ ಹೋಗಿ ಅಂತ” ಎನ್ನುತ್ತಿದ್ದರು.

ಹಾಗೆ ಅವರು ಬಂದು ಸೇರಿದ್ದು ನಮ್ಮ ಯೋಜನೆಗೆ. ಮಣಿಪಾಲದಲ್ಲಿದ್ದ ಒಂದು ಸಣ್ಣ ಕಚೇರಿ ಕಲ್ಯಾಣಪುರದ ಹೊಳೆಯ ಆಳವನ್ನು, ಅಳಿವೆಯಿಂದ ಮೇಲಕ್ಕೆ, ಗಜಗಜಕ್ಕೂ ಅಳೆದು ನಕ್ಷೆ ಮಾಡುವ ಕೆಲಸ ಹಿಡಿದಿತ್ತು. ತಾಂಡೇಲರು ದೋಣಿ ನಡೆಸಬೇಕು, ನಾನು ಗಳ ಇಳಿಸಿ ಆಳ ನೋಡಿ ಪುಸ್ತಕದಲ್ಲಿ ಬರೆಯಬೇಕು. ನನ್ನ ತಂದೆತಾಯಿ ಬಾಗಲಕೋಟೆಯ ಕಡೆಯಿಂದ ಮಣಿಪಾಲದ ಕಟ್ಟಡ ಕೆಲಸಕ್ಕೆ ಬಂದವರು. ಸಂತೆಕಟ್ಟೆಯ ಸಾಲುಕೋಣೆಯಲ್ಲಿ ಬೆಳೆದ ನನಗೆ ಕಾಂಕ್ರೀಟು ಕಲಸುವುದು ಗೊತ್ತಿತ್ತು, ಈಜು ಗೊತ್ತಿರಲಿಲ್ಲ. ಡಿಗ್ರಿ ಮುಗಿಸಿ ಮೂರು ಕಡೆ ಅರ್ಜಿ ಹಾಕಿದ್ದೆ, ಕರೆದವರು ಇವರೊಬ್ಬರೇ. ಅದೂ ಮಾರ್ಚ್ ತನಕದ ತಾತ್ಕಾಲಿಕ ಕೆಲಸ.

ಆಗ ಊರಲ್ಲಿ ಮೊಬೈಲು ಇದ್ದವರನ್ನು ಬೆರಳಲ್ಲಿ ಎಣಿಸಬಹುದಿತ್ತು. ತಾಂಡೇಲರು ದಿನಾ ಬೆಳಿಗ್ಗೆ ಕಾಪುವಿನಿಂದ ಬಸ್ಸು ಹಿಡಿದು, ಉಡುಪಿಯಲ್ಲಿ ಬದಲಿಸಿ, ನನಗಿಂತ ಮೊದಲು ಹೊಳೆ ಬದಿಯಲ್ಲಿರುತ್ತಿದ್ದರು. ತಡವಾಗಿ ಹೋದರೆ ಬೈಯುತ್ತಿರಲಿಲ್ಲ, “ಊಟ ಆಯ್ತಾ ಮೇಡಂ?” ಎಂದು ಕೇಳುತ್ತಿದ್ದರು. ಬೆಳಿಗ್ಗೆ ಏಳೂವರೆಗೆ.

ದೋಣಿ ಬಂದಾಗ ನಮಗಿಬ್ಬರಿಗೂ ಸಂಭ್ರಮ. ಬಿಳಿ ಫೈಬರಿನ ಇಪ್ಪತ್ತು ಅಡಿ ದೋಣಿ, ಹಿಂದೆ ಕಪ್ಪು ಔಟ್‌ಬೋರ್ಡ್ ಇಂಜಿನ್. ತಾಂಡೇಲರು ಬಗ್ಗಿ ಇಂಜಿನ್ನಿನ ಕೆಳಗೆ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಎದ್ದು ನಿಂತು, “ಇದರ ಫ್ಯಾನು ಎಲ್ಲಿ?” ಎಂದರು.

ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನು ಇದಕ್ಕೆ ಇರಲಿಲ್ಲ. ಅದು ಜೆಟ್ ಇಂಜಿನ್. ಕೆಳಗಿನ ಜಾಲರಿಯಿಂದ ನೀರನ್ನು ಹೀರಿ ಹಿಂದಕ್ಕೆ ಜೋರಾಗಿ ಉಗುಳಿದರೆ ದೋಣಿ ಮುಂದಕ್ಕೆ ಓಡುತ್ತದೆ. ಮರಳಿಗೆ ಬಡಿಯಲು ತಿರುಗುವ ಫ್ಯಾನೇ ಇಲ್ಲದ್ದರಿಂದ ಮೊಣಕಾಲುದ್ದ ನೀರಿನಲ್ಲೂ ಹೋಗಬಹುದು ಎಂದು ನಮ್ಮ ಸರ್ ತರಿಸಿದ್ದರು. ಸರ್ ಎಂದರೆ ಯೋಜನೆಯ ಮುಖ್ಯಸ್ಥರು, ಕಾರ್ಕಳದಿಂದ ಸ್ಕೂಟರಿನಲ್ಲಿ ಓಡಾಡುತ್ತಿದ್ದ ಸಜ್ಜನರು. ಇಂಜಿನ್ನಿನ ಜೊತೆ ಬಂದ ಇಂಗ್ಲಿಷ್ ಪುಸ್ತಕವನ್ನು ಅವರು ನನ್ನ ಕೈಗೆ ಕೊಟ್ಟು, ಓದಿ ತಾಂಡೇಲರಿಗೆ ಹೇಳು ಎಂದರು. ತೆಂಗಿನ ಮರದ ಬುಡದಲ್ಲಿ ಕೂತು ನಾನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ತಾಂಡೇಲರು ಬೀಡಿ ಸೇದುತ್ತಾ ಕೇಳಿದರು.

“ಈ ಪುಸ್ತಕ ಬರೆದವನಿಗೆ ನಮ್ಮ ಹೊಳೆ ಗೊತ್ತುಂಟಾ?”

“ಹೊಳಿ ಗೊತ್ತಿಲ್ರೀ. ಇಂಜಿನ್ ಗೊತ್ತೈತಿ.”

“ಹಾಗಾದರೆ ಅರ್ಧ ಗೊತ್ತುಂಟು” ಎಂದರು.

ಆ ಪುಸ್ತಕದಲ್ಲಿ ಒಂದು ಮಾತು ದಪ್ಪ ಅಕ್ಷರದಲ್ಲಿತ್ತು. ದೋಣಿ ಜೋರಾಗಿ ಹೋಗುವಾಗ ನೀರಿನ ಮೇಲಕ್ಕೆ ಎದ್ದು ಓಡುತ್ತದೆ, ಆಗ ಅದಕ್ಕೆ ಗೇಣು ನೀರು ಸಾಕು. ವೇಗ ಇಳಿಸಿದರೆ ಕೆಳಗೆ ಕೂರುತ್ತದೆ. ಆದ್ದರಿಂದ ನೀರು ತೆಳುವಾಗಿರುವ ಕಡೆ ಬಂದಾಗ ಯಾವ ಕಾರಣಕ್ಕೂ ವೇಗ ಇಳಿಸಬಾರದು. ಇಳಿಸಿದರೆ ದೋಣಿ ಮರಳಿನ ಮೇಲೆ ಕೂರುತ್ತದೆ, ಜಾಲರಿಯಲ್ಲಿ ಮರಳು ತುಂಬುತ್ತದೆ. ಅಷ್ಟೇ ಅಲ್ಲ, ಹಿಂದಕ್ಕೆ ನೀರು ಉಗುಳದಿದ್ದರೆ ದೋಣಿ ತಿರುಗುವುದೂ ಇಲ್ಲ.

ತಾಂಡೇಲರ ನಲವತ್ತು ವರ್ಷದ ವಿದ್ಯೆ ಸರಿಯಾಗಿ ಇದರ ತಲೆಕೆಳಗು. ಫ್ಯಾನಿನ ದೋಣಿಯಲ್ಲಿ ಮುಂದೆ ಮರಳು ಕಂಡರೆ ಮೊದಲು ವೇಗ ಇಳಿಸಬೇಕು, ಆಮೇಲೆ ಇಂಜಿನ್ ಎತ್ತಬೇಕು. ಇಲ್ಲದಿದ್ದರೆ ಫ್ಯಾನು ಮುರಿದು ಮಾಲೀಕನ ಬೈಗುಳ ತಿನ್ನಬೇಕು. ಇದನ್ನು ಅವರು ಯೋಚಿಸಿ ಮಾಡುತ್ತಿರಲಿಲ್ಲ. ಕಣ್ಣಿಗೆ ಮರಳು ಕಂಡ ಕೂಡಲೇ ಕೈ ತಾನಾಗಿ ಹಿಡಿಯನ್ನು ಹಿಂದಕ್ಕೆ ತಿರುಗಿಸುತ್ತಿತ್ತು.

ಮೊದಲ ದಿನವೇ ಸರ್ ಅವರನ್ನು ಕೂರಿಸಿಕೊಂಡು ಹೊಳೆಯ ಮಧ್ಯದ ಮರಳು ದಿಬ್ಬದ ಮೇಲೆ ದೋಣಿ ಸಮೇತ ಕೂತೆವು. ಸರ್ ಪ್ಯಾಂಟು ಮಡಚಿ ನೀರಿಗಿಳಿದರು. ಸ್ವಲ್ಪ ದೂರದಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಹೆಂಗಸರು ಸೊಂಟಕ್ಕೆ ಕೈಕೊಟ್ಟು ನಿಂತು ನಕ್ಕರು. ಅವರಲ್ಲೊಬ್ಬಾಕೆ ತುಳುವಿನಲ್ಲಿ ಏನೋ ಕೂಗಿದಳು. ಏನೆಂದು ಕೇಳಿದರೆ ತಾಂಡೇಲರು ಹೇಳಲಿಲ್ಲ. ಆಮೇಲೆ ನಾನೇ ಹೋಗಿ ಕೇಳಿಕೊಂಡೆ. “ಹಗ್ಗ ಕಟ್ಟಿ ಎಮ್ಮೆಯ ಹಾಗೆ ಎಳೆದುಕೊಂಡು ಹೋಗಿ ತಾಂಡೇಲರೇ” ಎಂದಿದ್ದಳಂತೆ.

ಮರುದಿನವೂ ಕೂತೆವು. ಅದರ ಮರುದಿನ ಎರಡು ಸಲ. ಪ್ರತಿ ಸಲವೂ ಇಂಜಿನ್ ನಿಲ್ಲಿಸಿ, ದೋಣಿಯ ಹಿಂಭಾಗ ಎತ್ತಿ, ಜಾಲರಿಯಿಂದ ಮರಳು, ಚಿಪ್ಪು, ಪ್ಲಾಸ್ಟಿಕ್ ತೊಟ್ಟೆ ಎಲ್ಲ ಬಗೆದು ತೆಗೆಯಬೇಕು. ತಾಂಡೇಲರು ಬಗೆಯುತ್ತಾ, “ಅಂಗನವಾಡಿ ಮಗುವಿನ ಹಾಗೆ, ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ತದೆ ಇದು” ಎಂದು ಬೈಯುತ್ತಿದ್ದರು. ಬೈಗುಳ ಇಂಜಿನ್ನಿಗೆ. ಸಿಟ್ಟು ಮಾತ್ರ ತಮ್ಮ ಮೇಲೆಯೇ ಎಂದು ನನಗೆ ಆಗಲೇ ಗೊತ್ತಾಗುತ್ತಿತ್ತು.

ಎರಡನೇ ವಾರ ಒಂದು ಬೆಳಿಗ್ಗೆ ಅವರು ಹಿಡಿಯನ್ನು ಬಿಟ್ಟು ಎದ್ದರು. “ನೀವು ಕೂತ್ಕೊಳ್ಳಿ ಮೇಡಂ. ಒಮ್ಮೆ ನೋಡುವ.”

“ನನಗೇನ್ ಗೊತ್ರೀ?”

“ಎಂತದೂ ಗೊತ್ತಿಲ್ಲ ಅಲ್ವಾ, ಅದಕ್ಕೇ.”

ಅವರ ಲೆಕ್ಕ ಸರಿಯಾಗಿತ್ತು. ನನಗೆ ಮರೆಯಬೇಕಾದದ್ದು ಏನೂ ಇರಲಿಲ್ಲ. ಪುಸ್ತಕ ವೇಗ ಇಳಿಸಬೇಡ ಎಂದಿತ್ತು, ನಾನು ಇಳಿಸಲಿಲ್ಲ. ಮರಳು ಎಲ್ಲಿದೆ ಎಂದೇ ಕಾಣದವಳಿಗೆ ಹೆದರುವುದಾದರೂ ಯಾಕೆ? ತಾಂಡೇಲರು ಮುಂಭಾಗದಲ್ಲಿ ಕೂತು ಕೈ ಬೀಸಿ ಎಡಕ್ಕೆ, ಬಲಕ್ಕೆ ಎಂದು ತೋರಿಸಿದರು. ದಿಬ್ಬ ಬಂದಾಗ ಹಿಂದೆ ತಿರುಗದೆಯೇ, “ಬಿಡಬೇಡಿ, ಬಿಡಬೇಡಿ, ಬಿಡಬೇಡಿ” ಎಂದು ಕೂಗಿದರು. ದೋಣಿ ಸುಯ್ಯೆಂದು ಆಚೆ ಹೋಯಿತು. ಚಿಪ್ಪು ಹೆಕ್ಕುವ ಹೆಂಗಸರು ಈ ಸಲ ನಗಲಿಲ್ಲ. ಬುಟ್ಟಿಯನ್ನು ಎದೆಗವಚಿಕೊಂಡು ದಡಕ್ಕೆ ಓಡಿದರು. ನನ್ನ ಚಾಲನೆಯ ಮೇಲೆ ಅವರಿಗೆ ಅಷ್ಟು ವಿಶ್ವಾಸ.

ಅಲ್ಲಿಂದ ನಮ್ಮದು ಒಂದು ದೋಣಿಗೆ ಇಬ್ಬರು ಎಂಬ ಪದ್ಧತಿಯಾಯಿತು. ತೆಳುನೀರಿನಲ್ಲಿ ನಾನು, ಆಳದಲ್ಲಿ ಅವರು. ನಡುವೆ ಅವರು ನನಗೆ ಹೊಳೆ ಕಲಿಸಿದರು. “ಬೆಳ್ಳಗೆ ಕಂಡರೆ ಮರಳು. ಕಪ್ಪು ಕಂಡರೆ ಆಳ. ಎರಡೂ ಕಾಣದಿದ್ದರೆ ಕನ್ನಡಕ ಒರೆಸಿಕೊಳ್ಳಬೇಕು” ಎಂಬುದು ಅವರ ಮೊದಲ ಪಾಠ. ಭರತ ಇಳಿತಗಳ ಹೊತ್ತನ್ನು ಅವರು ಗಡಿಯಾರ ನೋಡದೆ ಹೇಳುತ್ತಿದ್ದರು. ಕಿತ್ತಳೆ ಬಣ್ಣದ ಲೈಫ್ ಜಾಕೀಟನ್ನು ನನಗೆ ಬಿಗಿಯಾಗಿ ಕಟ್ಟಿಸಿ, ತಮ್ಮದನ್ನು ಮಧ್ಯಾಹ್ನ ತಲೆಯಡಿಗೆ ಇಟ್ಟುಕೊಂಡು ಮಲಗುತ್ತಿದ್ದರು. ನನ್ನ ಅವ್ವ ಕಟ್ಟಿ ಕಳಿಸಿದ ಜೋಳದ ರೊಟ್ಟಿಯನ್ನು ಮೊದಲ ಸಲ ಕೈಗೆತ್ತಿಕೊಂಡಾಗ ದೋಣಿಯ ಅಂಚಿಗೆ ಬಡಿದು ನೋಡಿ, “ಇದರಲ್ಲಿ ದೋಣಿಯ ತೂತು ಮುಚ್ಚಬಹುದು” ಎಂದರು. ಆಮೇಲೆ ತಮ್ಮ ಒಣಮೀನಿನ ಚಟ್ನಿ ಜೊತೆ ಎರಡು ರೊಟ್ಟಿ ತಿಂದು, ಮರುದಿನದಿಂದ ನನಗೆ ನಾಲ್ಕು ತರಲು ಹೇಳಿದರು.

ಡಿಸೆಂಬರಿನಲ್ಲಿ ಸರ್ ನಮ್ಮನ್ನು ಕರೆದು ಹೇಳಿದರು: ಬೆಂಗಳೂರಿನಿಂದ ಮೂವರು ಅಧಿಕಾರಿಗಳು ದೋಣಿ ನೋಡಲು ಬರುತ್ತಾರೆ. ಅವರು ಒಪ್ಪಿದರೆ ಯೋಜನೆ ಇನ್ನೂ ಮೂರು ವರ್ಷ ಮುಂದುವರಿಯುತ್ತದೆ. ಮೂರು ವರ್ಷಕ್ಕೆ ಒಂದು ಆಪರೇಟರ್ ಹುದ್ದೆ ಸಿಗುತ್ತದೆ. ಒಬ್ಬರಿಗೆ ಮಾತ್ರ.

ಅದು ತಾಂಡೇಲರದ್ದೇ ಎಂಬುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ, ನನಗಂತೂ ಇರಲೇ ಇಲ್ಲ. ಅವರ ಮುಖ ಅರಳಿತು. ಇನ್ನು ಮೂರು ವರ್ಷ ನೀರಿನ ಮೇಲೆ ಇರಬಹುದು, ಹೆಂಡತಿಯ ಮಾತೂ ಮೀರಿದಂತಾಗುವುದಿಲ್ಲ. ಅಂದಿನಿಂದ ಅವರು ದಿನಾ ಬೇಗ ಬಂದು ಒಬ್ಬರೇ ಅಭ್ಯಾಸ ಮಾಡತೊಡಗಿದರು. ನಾನು ಬರುವಾಗ ಹಲವು ಸಲ ದೋಣಿ ದಿಬ್ಬದ ಮೇಲಿರುತ್ತಿತ್ತು, ಅವರು ಜಾಲರಿ ಬಗೆಯುತ್ತಿದ್ದರು. ಕೆಲವು ಸಲ ಆಚೆ ದಾಟಿರುತ್ತಿತ್ತು. ಆ ದಿನ ಅವರು ಬೀಡಿ ಕಚ್ಚಿಕೊಂಡೇ ಶಿಳ್ಳೆ ಹಾಕಲು ನೋಡುತ್ತಿದ್ದರು.

ಅಧಿಕಾರಿಗಳು ಬಂದ ದಿನ ಹೋಗುವಾಗ ಭರತ ತುಂಬಿತ್ತು. ತಾಂಡೇಲರು ಬಿಳಿ ಅಂಗಿ ಹಾಕಿ, ದೋಣಿಯನ್ನು ಹೊಳೆಯ ಮೇಲೆ ತೇರಿನಂತೆ ಗಂಭೀರವಾಗಿ ನಡೆಸಿದರು. ಹೊಳೆಯ ನಡುವಿನ ಒಂದು ಕುದ್ರುವಿನಲ್ಲಿ, ಎಂದರೆ ಸುತ್ತ ನೀರಿರುವ ಸಣ್ಣ ದ್ವೀಪದಲ್ಲಿ, ಸರ್ ಅವರ ಪರಿಚಯದವರ ಮನೆಯಲ್ಲಿ ಊಟ. ನೀರುದೋಸೆ, ಕೋಳಿ ಸುಕ್ಕ, ಎಳನೀರು. ತಾಂಡೇಲರು ಅಂಗಳದಲ್ಲಿ ನಿಂತು ಹೊಳೆಯನ್ನೇ ನೋಡುತ್ತಿದ್ದರು. ಎರಡು ಸಲ ಒಳಗೆ ಬಂದು, “ಸಾರ್, ಇಳಿತ ಶುರುವಾಗಿದೆ, ಹೊರಡುವ” ಎಂದರು. ಅಧಿಕಾರಿಗಳಲ್ಲಿ ದಪ್ಪಗಿದ್ದವರೊಬ್ಬರು ಇನ್ನೆರಡು ದೋಸೆ ಹಾಕಿಸಿಕೊಂಡರು. ಮೂರನೇ ಸಲ ತಾಂಡೇಲರು ಬಂದಾಗ ಅವರು ಕೈ ತೊಳೆಯುತ್ತಿದ್ದರು.

ಹೊರಟಾಗ ಹೊಳೆ ಬೇರೆಯೇ ಆಗಿತ್ತು. ಬರುವಾಗ ಸೊಂಟದುದ್ದ ನೀರಿದ್ದ ಕಡೆ ಈಗ ಬೆಳ್ಳಗೆ ಉದ್ದಕ್ಕೂ ಮರಳಿನ ಬೆನ್ನು. ನಡುವೆ ಒಂದೇ ಕಡೆ, ಎತ್ತಿನ ಗಾಡಿ ಹೋಗುವಷ್ಟು ಅಗಲಕ್ಕೆ, ಸ್ವಲ್ಪ ನೀರು ಹರಿಯುತ್ತಿತ್ತು. ಅದೂ ಹೆಚ್ಚೆಂದರೆ ಒಂದು ಗೇಣು. ದೋಣಿಯಲ್ಲಿ ಆರು ಜನ. ದೂರದಿಂದಲೇ ವೇಗ ಹಿಡಿದು, ದೋಣಿಯನ್ನು ಎಬ್ಬಿಸಿ, ಒಂದೇ ಓಟಕ್ಕೆ ಆ ಗಂಡಿಯನ್ನು ದಾಟಬೇಕು. ನಡುವೆ ಒಂದು ಕ್ಷಣ ಹಿಡಿ ಸಡಿಲಿಸಿದರೂ ದೋಣಿ ತಿರುಗುವುದಿಲ್ಲ, ಅಷ್ಟು ವೇಗದಲ್ಲಿ ನೇರ ಮರಳಿಗೆ ಹೊಡೆದರೆ ಮುಂದೆ ಕೂತವರು ಹಾರಿ ಬೀಳುತ್ತಾರೆ.

ತಾಂಡೇಲರು ಇಂಜಿನ್ ಸಣ್ಣಗೆ ಇಟ್ಟು ಆ ಕಡೆ ನೋಡಿದರು. ಸರ್ ನೋಡಿದರು. ನಾನೂ ನೋಡಿದೆ. ಆಮೇಲೆ ತಾಂಡೇಲರು ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದರು: “ನೀನು ಬಾ ಮಾರಾಯ್ತಿ, ಇದನ್ನು ನೀನು ಹಿಡಿ. ನನ್ನ ಕೈ ಕೇಳುವುದಿಲ್ಲ.”

ಅವರು ನನ್ನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ಹೋಗಿ ಕೂತೆ. ಅವರು ಎಲ್ಲರನ್ನೂ ದಾಟಿಕೊಂಡು ಮುಂಭಾಗಕ್ಕೆ ಹೋಗಿ, ಮೊಣಕಾಲೂರಿ, ಎಡಗೈ ಎತ್ತಿದರು. ನಾನು ಹಿಡಿಯನ್ನು ಕೊನೆಯ ತನಕ ತಿರುಗಿಸಿದೆ. ಅವರ ಕೈ ಎಡಕ್ಕೆ ಬಾಗಿತು, ನಾನು ಎಡಕ್ಕೆ ಹೋದೆ. ಸ್ವಲ್ಪ ಬಲಕ್ಕೆ. ಮತ್ತೆ ನೇರ. ಗಂಡಿಯೊಳಗೆ ನುಗ್ಗುವಾಗ ದೋಣಿಯ ಹೊಟ್ಟೆಗೆ ಮರಳು ಸವರಿದ ಸದ್ದು ಕೇಳಿತು, ಆ ಸದ್ದಿನ ಮೇಲೆ ಅವರ ಕೂಗು: “ಬಿಡಬೇಡ, ಬಿಡಬೇಡ, ಬಿಡಬೇಡ.” ಬಿಡಲಿಲ್ಲ. ಆಚೆ ಕಪ್ಪು ನೀರು ಬಂತು.

ದಪ್ಪಗಿನ ಅಧಿಕಾರಿ ಬೆವರು ಒರೆಸಿಕೊಂಡು ಕೇಳಿದರು, “ಈ ದೋಣಿಯ ಆಪರೇಟರ್ ಯಾರು?”

ಸರ್ ಬಾಯಿ ತೆರೆಯುವ ಮೊದಲೇ ಮುಂದಿನಿಂದ ಉತ್ತರ ಬಂತು. “ಅವಳೇ ಸಾರ್.”

ಆ ಎರಡು ಮಾತಿನಿಂದ ನನ್ನ ಬದುಕಿಗೆ ನೆಲೆ ಸಿಕ್ಕಿತು. ಹುದ್ದೆಯ ಆದೇಶ ನನ್ನ ಹೆಸರಿಗೆ ಬಂದಾಗ ಅವ್ವ ಖುಷಿಪಡುವ ಬದಲು, “ಆ ಹಿರೇಮನಶ್ಯಾನ ಅನ್ನ ಕಸಗೊಂಡಿ ಏನ ನೀನು?” ಎಂದಳು. ಅದೇ ಮುಳ್ಳು ನನ್ನೊಳಗೂ ಇತ್ತು. ಭಾನುವಾರ ಕಾಪುವಿಗೆ ಹೋಗಿ, ನಾನು ಈ ಕೆಲಸ ಬೇಡ ಎನ್ನುತ್ತೇನೆ, ನೀವೇ ಬನ್ನಿ ಎಂದು ಉದ್ದಕ್ಕೆ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

“ಆಯ್ತಾ ನಿನ್ನದು? ಬಂಗುಡೆ ಸಾರು ಆಗಿದೆ, ನೀನು ಮೀನು ತಿನ್ನುವುದಿಲ್ಲ. ಹಾಗಾದರೆ ಕೂತ್ಕೋ, ನಾನು ತಿಂತೇನೆ.”

ಸರ್ ತಾಂಡೇಲರನ್ನು ವಾರಕ್ಕೆ ಎರಡು ದಿನದ ಕೂಲಿಗೆ ಕರೆದರು. ಕೆಲವು ತಿಂಗಳು ಬಂದರು. ಮಳೆಗಾಲ ಮುಗಿದು ದಿಬ್ಬಗಳು ಜಾಗ ಬದಲಿಸಿದ್ದನ್ನು ನನಗೆ ತೋರಿಸಿಕೊಟ್ಟು, “ಇನ್ನು ನಿನಗೇ ಕಾಣ್ತದೆ” ಎಂದು ನಿಲ್ಲಿಸಿದರು. ಕಾಪುವಿನ ಬಲೆ ಕಟ್ಟುವ ಚಪ್ಪರದಲ್ಲಿ ಕೂತು, ಫ್ಯಾನು ಇಲ್ಲದ ದೋಣಿಯನ್ನು ಒಬ್ಬಳು ಹುಡುಗಿಗೆ ಕಲಿಸಿದ ಕತೆಯನ್ನು ಬಂದವರಿಗೆಲ್ಲ ಹೇಳುತ್ತಿದ್ದರಂತೆ. ಆ ಕತೆಯಲ್ಲಿ ನಾನು ಹೊಳೆಗೆ ಮೂರು ಸಲ ಬಿದ್ದಿದ್ದೆ, ಅವರು ಮೂರು ಸಲ ಎತ್ತಿದ್ದರು. ನಾನು ಒಮ್ಮೆಯೂ ಬಿದ್ದಿರಲಿಲ್ಲ.

ನನ್ನ ಮದುವೆಗೆ ಅವರು ಬಂದದ್ದನ್ನು ನಮ್ಮ ಕಡೆಯವರು ಇಂದಿಗೂ ಮರೆತಿಲ್ಲ. ಈರುಳ್ಳಿಯನ್ನೂ ಯೋಚಿಸಿ ಹಾಕುವ ಊಟದ ಚಪ್ಪರಕ್ಕೆ, ಬಾಳೆಲೆಯಲ್ಲಿ ಸುತ್ತಿದ ಎರಡು ಮೊಳದ ಅಂಜಲ್ ಮೀನನ್ನು ಹೆಗಲ ಮೇಲಿಟ್ಟುಕೊಂಡು ನಡೆದು ಬಂದರು. ಬಾಣಸಿಗರು ಸೌಟು ಹಿಡಿದೇ ಹಿಂದೆ ಸರಿದರು. “ನೀವು ತಿನ್ನುವುದಿಲ್ಲ ಅಂತ ಗೊತ್ತುಂಟು. ಗಂಡಿನ ಕಡೆಯವರಾದರೂ ತಿನ್ನಬಹುದು ಅಂತ ಎಣಿಸಿದೆ” ಎಂದರು. ಗಂಡಿನ ಕಡೆಯವರು ಗದಗಿನವರು, ಅವರೂ ಮೀನು ಮುಟ್ಟುವವರಲ್ಲ. ಕೊನೆಗೆ ಆ ಮೀನು ಸಭಾಭವನದ ಕಾವಲುಗಾರನ ಮನೆಗೆ ಹೋಯಿತು. ಅವನು ನನಗೆ ಈಗಲೂ ಎದುರು ಸಿಕ್ಕರೆ ನಮಸ್ಕಾರ ಮಾಡುತ್ತಾನೆ.

ಅವರು ನನ್ನ ಮೇಲೆ ನಿಜವಾಗಿ ಸಿಟ್ಟಾದದ್ದು ಒಂದೇ ಸಲ. ಯೋಜನೆ ಮೂರು ವರ್ಷ ದಾಟಿಯೂ ಮುಂದುವರಿದಿತ್ತು. ಸರ್ ನಿವೃತ್ತರಾದ ದಿನ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭ. ತಾಂಡೇಲರನ್ನೂ ಕರೆಸಿದ್ದೆವು. ನಾನು ಮೈಕು ಹಿಡಿದು ಆ ದಿನದ ಕತೆ ಹೇಳಿದೆ. ತಮ್ಮ ಕೆಲಸವನ್ನೇ ನನಗಾಗಿ ಬಿಟ್ಟುಕೊಟ್ಟರು, ಎಂಥ ತ್ಯಾಗ ಎಂದು ಕಣ್ಣಲ್ಲಿ ನೀರು ತಂದುಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾಂಡೇಲರು ತಟ್ಟಲಿಲ್ಲ. ಹೊರಗೆ ಬಂದ ಮೇಲೆ ನನ್ನನ್ನು ಬದಿಗೆ ಕರೆದರು.

“ಎಂತಕ್ಕೆ ಸುಳ್ಳು ಹೇಳಿದೆ?”

“ಯಾವ ಸುಳ್ಳು?”

“ತ್ಯಾಗ ಅಂತೆ. ಯಾರು ಮಾಡಿದ್ದು? ನನಗೆ ಪೋಡಿಗೆ ಆಯ್ತು. ಹೆದರಿಕೆ. ದೋಣಿಯಲ್ಲಿ ಆರು ಜನ ಇದ್ದರು. ಮರಳು ಕಂಡರೆ ನನ್ನ ಕೈ ಹಿಂದೆ ಬರ್ತದೆ ಅಂತ ಗೊತ್ತಿತ್ತು, ನಿನ್ನದು ಬರುವುದಿಲ್ಲ ಅಂತ ಗೊತ್ತಿತ್ತು. ಅದಕ್ಕೆ ಕೊಟ್ಟೆ. ಆ ಕೆಲಸ ನನಗೆ ಬೇಕಿತ್ತು ಮಾರಾಯ್ತಿ. ಒಂದು ವಾರ ನಿದ್ದೆ ಬರಲಿಲ್ಲ ನನಗೆ.”

ಇಷ್ಟು ವರ್ಷ ನಾನು ಅವರನ್ನು ದೊಡ್ಡವರನ್ನಾಗಿ ಮಾಡಿದ್ದೇನೆ ಎಂದುಕೊಂಡಿದ್ದೆ. ನಿಜದಲ್ಲಿ ಅವರು ಮಾಡಿದ್ದ ದೊಡ್ಡ ಕೆಲಸವನ್ನು ನಾನು ಕಂಡೇ ಇರಲಿಲ್ಲ. ಬೇಕಾದ ಕೆಲಸವನ್ನು ಯಾರಿಗೋ ದಾನ ಕೊಡುವುದು ಒಂದು ಮಾತು. ನಲವತ್ತು ವರ್ಷ ಸಮುದ್ರ ಕಂಡವನು, ಕೆಲಸ ಕೊಡುವವರ ಎದುರೇ, ಮೊಣಕಾಲುದ್ದವೂ ಇಲ್ಲದ ನೀರಿನ ಮುಂದೆ ಇದು ನನ್ನಿಂದ ಆಗುವುದಿಲ್ಲ ಎನ್ನುವುದು ಬೇರೆಯೇ ಮಾತು. ನಾನು ತಪ್ಪಾಯಿತು ಎಂದೆ. “ಆಯ್ತು, ಚಹಾ ಎಲ್ಲಿ ಕೊಡ್ತಾರೆ ನೋಡು” ಎಂದರು. ಅವರ ಸಿಟ್ಟು ಅಲ್ಲಿಗೆ ಮುಗಿಯಿತು.

ಅದಾಗಿ ಎರಡು ವರ್ಷಕ್ಕೆ, ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಸುದ್ದಿ ಬಂದಾಗ ನಾನು ಹೊಳೆಯ ಮೇಲಿದ್ದೆ. ದೋಣಿ ಕಟ್ಟಿ, ಒದ್ದೆ ಬಟ್ಟೆಯಲ್ಲೇ ಬಸ್ಸು ಹತ್ತಿದೆ. ಕಾಪು ತನಕ ಅತ್ತೆ. ಪಕ್ಕದಲ್ಲಿ ಕೂತವರು ಕೇಳಿದಾಗ, ನಮ್ಮ ತಾಂಡೇಲರು ತೀರಿಕೊಂಡರು ಎಂದೆ. ಅಪ್ಪ ಹೋದಾಗಲೂ ನಾನು ಹಾಗೆ ಅತ್ತಿರಲಿಲ್ಲ.

ಮರುವರ್ಷ ಮಳೆಗಾಲ ಕಳೆದ ಮೇಲೆ ಒಂದು ದಿನ, ನಾಲ್ವರು ವಿದ್ಯಾರ್ಥಿನಿಯರನ್ನು ಕೂರಿಸಿಕೊಂಡು ಅಳಿವೆಯಿಂದ ಮರಳುತ್ತಿದ್ದೆ. ಮಗುವಿಗೆ ಜ್ವರ, ಎರಡು ದಿನದಿಂದ ನಿದ್ದೆ ಇರಲಿಲ್ಲ. ಮುಂದೆ ಹೊಸ ದಿಬ್ಬ ಎದ್ದಿತ್ತು. ಎಷ್ಟು ನೋಡಿದರೂ ಎಲ್ಲಿ ಬಿಳಿ, ಎಲ್ಲಿ ಕಪ್ಪು ಎಂದು ಕಣ್ಣಿಗೆ ಹತ್ತಲಿಲ್ಲ. ಜೊತೆಗಿದ್ದವನು ನಾನೇ ಕಲಿಸಿದ ಪಡುಬಿದ್ರಿಯ ಸಹೋದ್ಯೋಗಿ. ಈ ಹೊಳೆಯಲ್ಲಿ ಜೆಟ್ ದೋಣಿ ಎಂದರೆ ನನ್ನ ಹೆಸರು ಹೇಳುತ್ತಿದ್ದ ಕಾಲ ಅದು. ಆ ಹೆಸರು ನನಗೆ ಬಹಳ ಇಷ್ಟವೂ ಆಗಿತ್ತು. ಕೊನೆಗೆ ಎದ್ದು, “ನೀನು ಹಿಡಿ, ನನ್ನಿಂದ ಆಗುವುದಿಲ್ಲ” ಎಂದೆ. ಅವನು ಹಿಡಿದ, ದಾಟಿಸಿದ.

ದಡದಲ್ಲಿ ಇಳಿಯುವಾಗ ವಿದ್ಯಾರ್ಥಿನಿಯೊಬ್ಬಳು ಮೆಚ್ಚಿಕೊಂಡು, “ಮೇಡಂ, ಕಷ್ಟದ ಜಾಗದಲ್ಲೇ ಅವರಿಗೆ ಚಾನ್ಸ್ ಕೊಟ್ಟಿರಿ. ದೊಡ್ಡ ಮನಸ್ಸು ನಿಮ್ಮದು” ಎಂದಳು.

ಹೌದು ಎಂದುಬಿಡಬಹುದಿತ್ತು. ಕೇಳಲು ಹಿತವಾಗಿಯೂ ಇತ್ತು.

“ದೊಡ್ಡ ಮನಸ್ಸು ಎಂತ ಮಾರಾಯ್ತಿ, ನನಗೆ ಹೆದರಿಕೆ ಆಗಿತ್ತು” ಎಂದೆ.